ಕೊಂದದ್ದು ನಾನೇ: ಕುರ್ಲಾದ ತಾಳಮದ್ದಳೆ ಮತ್ತು ವಿಡಿಯೊ ಗೇಮಿನ ಧರ್ಮಸಂಕಟ

ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮಂಗಳೂರಿನ ಕಡೆಗೆ ಹೊರಡುವ ರೈಲೊಂದರ ಹೆಸರು ಮತ್ಸ್ಯಗಂಧಾ. ಕೊಂಕಣ ರೈಲ್ವೆ ಪೂರ್ತಿಯಾದ 1998ರಲ್ಲಿ ಅದರ ಓಡಾಟ ಶುರುವಾಯಿತು. ಅದಕ್ಕೆ ಮುಂಚೆ ಮುಂಬಯಿಯ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಜನ ಊರಿಗೆ ಹೋಗಬೇಕೆಂದರೆ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವ ಬಸ್ಸನ್ನೇ ನಂಬಬೇಕಿತ್ತು. ಮೀನಿನ ಕರಾವಳಿಗೆ ಹೊರಟ ರೈಲಿಗೆ ಒಪ್ಪುವ ಹೆಸರೇ. ಆದರೆ ಭಾರತದ ಕಥೆ ಬಲ್ಲವರಿಗೆ ಆ ಹೆಸರು ಕೇಳಿದೊಡನೆ ಒಂದು ಪ್ರತಿಜ್ಞೆ ನೆನಪಾಗುತ್ತದೆ. ಬೆಸ್ತರ ರಾಜನ ಮಗಳು ಮತ್ಸ್ಯಗಂಧಿಯನ್ನು ಶಂತನುವಿಗೆ ಕೊಡಬೇಕಾದರೆ ಅವಳ ಮಕ್ಕಳಿಗೇ ಪಟ್ಟ ಸಿಗಬೇಕೆಂಬ ಕರಾರು. ಅದಕ್ಕಾಗಿ ಶಂತನುವಿನ ಮಗ ದೇವವ್ರತ ರಾಜ್ಯವನ್ನೂ ಮದುವೆಯನ್ನೂ ಒಟ್ಟಿಗೇ ಬಿಟ್ಟು ಭೀಷ್ಮನಾದ. ಬಿಟ್ಟ ಆ ಕ್ಷಣದಲ್ಲಿ ಅದು ತ್ಯಾಗವಾಗಿತ್ತು. ಅದರ ಬೆಲೆಯನ್ನು ತೆತ್ತವಳು ಆಗ ಅಲ್ಲಿ ಇರಲೇ ಇಲ್ಲ. ಅವಳು ಕಾಶಿಯ ಅಂಬೆ.

ಮಳೆಗಾಲದಲ್ಲಿ ಈ ರೈಲು ಹಿಮ್ಮುಖವಾಗಿ ಒಂದು ವಿಶೇಷ ಸರಕನ್ನು ಹೊತ್ತು ತರುತ್ತದೆ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ಕಾರ್ತಿಕದ ಹೊತ್ತಿಗೆ ಆರಂಭವಾಗಿ ಮೇ ತಿಂಗಳ ಕೊನೆಗೆ, ಪತ್ತನಾಜೆಗೆ ಮುಗಿಯುತ್ತದೆ. ಬಯಲಿನಲ್ಲಿ ಆಟ ಆಡಲಾಗದ ಆ ತಿಂಗಳುಗಳಲ್ಲಿ ಕಲಾವಿದರು ಮುಂಬಯಿಗೆ ಬರುತ್ತಾರೆ. ಕುರ್ಲಾ ಪೂರ್ವದ ಬಂಟರ ಭವನವೂ ಅವರು ಸೇರುವ ಜಾಗಗಳಲ್ಲಿ ಒಂದು. 1920ರ ದಶಕದಲ್ಲಿ ಹುಟ್ಟಿದ ಮುಂಬಯಿ ಬಂಟರ ಸಂಘದ ಆವರಣ ಅದು. ಅಲ್ಲೇ ಸಂಘದ ಕಾಲೇಜುಗಳೂ ಇವೆ. ಅಜೆಕಾರು ಕಲಾಭಿಮಾನಿ ಬಳಗದಂಥ ಸಂಘಟನೆಗಳು ಊರಿನ ಕಲಾವಿದರನ್ನು ಕರೆಸಿ ನಗರದ ಬೇರೆಬೇರೆ ಕಡೆ ಸರಣಿಯಾಗಿ ತಾಳಮದ್ದಳೆ ಏರ್ಪಡಿಸುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ನಡುವೆ ಭಾಗವತರು, ಚೆಂಡೆ, ಮದ್ದಳೆ. ಎದುರುಬದುರಾಗಿ ಪಂಚೆ ಶಾಲಿನಲ್ಲಿ ಕುಳಿತ ನಾಲ್ಕೈದು ಜನ. ಅವರ ಮುಂದೆ ಮೈಕು, ಪಕ್ಕದಲ್ಲಿ ನೀರಿನ ಲೋಟ. ರಾತ್ರಿಯಿಡೀ ಅಥವಾ ಈಚಿನ ರೂಢಿಯಂತೆ ಮೂರು ನಾಲ್ಕು ಗಂಟೆ ಅವರು ಮಾತಾಡುತ್ತಾರೆ, ಅಷ್ಟೇ.

ಆ ಮಾತಿನ ಒಂದು ನಿಯಮವನ್ನು ಗಮನಿಸಬೇಕು. ಪದ್ಯ ನಿಗದಿ, ಅರ್ಥ ಆಶು. ಭಾಗವತರು ಹಾಡುವ ಪ್ರಸಂಗದ ಪದ್ಯವನ್ನು ಯಾರೂ ಬದಲಿಸುವಂತಿಲ್ಲ. ಅದರಲ್ಲಿ ಅಂಬೆ ಬಂದು ಬೇಡುತ್ತಾಳೆ, ಭೀಷ್ಮ ಒಲ್ಲೆನೆನ್ನುತ್ತಾನೆ, ಅವಳು ಪರಶುರಾಮನಲ್ಲಿಗೆ ಹೋಗುತ್ತಾಳೆ. ಕಥೆ ಎಲ್ಲಿಗೆ ಮುಟ್ಟುತ್ತದೆಂದು ಸಭಾಂಗಣದ ಕೊನೆಯ ಸಾಲಿನಲ್ಲಿ ತೂಕಡಿಸುವ ಅಜ್ಜನಿಗೂ ಗೊತ್ತು. ಆದರೆ ಪದ್ಯ ಮುಗಿದ ಮೇಲೆ ಅರ್ಥಧಾರಿ ಹೇಳುವ ಮಾತು ಆ ಹೊತ್ತಿಗೆ ಹುಟ್ಟಿದ್ದು. ಅದನ್ನು ಅವನು ಪ್ರಥಮ ಪುರುಷದಲ್ಲಿ ಹೇಳುವುದಿಲ್ಲ. ‘ಭೀಷ್ಮ ಹೀಗೆ ಮಾಡಿದ’ ಎನ್ನುವುದಿಲ್ಲ. ‘ನಾನು ಮಾಡಿದೆ’ ಎನ್ನುತ್ತಾನೆ. ಮದುವೆಯಾಗದವನು ಸ್ವಯಂವರದ ಮಂಟಪದಿಂದ ಮೂವರು ಹೆಣ್ಣುಮಕ್ಕಳನ್ನು ರಥಕ್ಕೇರಿಸಿದ್ದೇಕೆ ಎಂದು ಎದುರಿಗಿದ್ದವನು ಕೇಳಿದರೆ ಉತ್ತರ ಹುಡುಕಬೇಕಾದವನು ಅವನೇ. ವ್ಯಾಸರು ನೆರವಿಗೆ ಬರುವುದಿಲ್ಲ.

ಅದೇ ಕುರ್ಲಾದ ನೆಹರೂ ನಗರದಲ್ಲಿ, ಚುನಾಭಟ್ಟಿಯಲ್ಲಿ, ಆ ಸಭಿಕರ ಮಕ್ಕಳು ಮೊಮ್ಮಕ್ಕಳು ಇನ್ನೊಂದು ಬಗೆಯ ಕಥೆಯ ಮುಂದೆ ಕುಳಿತಿರುತ್ತಾರೆ. ಅವರ ಕೈಯಲ್ಲಿ ಕಂಟ್ರೋಲರ್, ಕಿವಿಯಲ್ಲಿ ಹೆಡ್‌ಫೋನ್. ಅಲ್ಲಿಯೂ ವ್ಯಾಕರಣ ಅದೇ. ಪರದೆಯ ಮೇಲಿನ ಬೊಂಬೆ ಬಿದ್ದರೆ ಆಡುವವನು ‘ಅವನು ಸತ್ತ’ ಎನ್ನುವುದಿಲ್ಲ. ‘ಮೈ ಮರ್ ಗಯಾ’ ಎನ್ನುತ್ತಾನೆ. ಸಿನಿಮಾ ನೋಡಿ ಅತ್ತವರುಂಟು, ಕಾದಂಬರಿ ಓದಿ ನಿದ್ದೆಗೆಟ್ಟವರುಂಟು. ಆದರೆ ಆ ಕಥೆಗಳಲ್ಲಿ ಕೊಲೆಯಾದಾಗ ಪ್ರೇಕ್ಷಕನಿಗೋ ಓದುಗನಿಗೋ ಪಶ್ಚಾತ್ತಾಪವಾಗುವುದಿಲ್ಲ, ದುಃಖ ಮಾತ್ರ ಆಗುತ್ತದೆ. ಪಶ್ಚಾತ್ತಾಪಕ್ಕೆ ‘ನಾನು’ ಬೇಕು. ವಿಡಿಯೊ ಗೇಮ್ ಕಥೆಗಳು ಹಿಡಿದ ಎಳೆ ಇದು. ಅದನ್ನು ಹಿಡಿಯಲು ಅವಕ್ಕೂ ಸ್ವಲ್ಪ ಕಾಲ ಬೇಕಾಯಿತು.

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದ ಭಾರತೀಯರಲ್ಲಿ ‘ಪ್ರಿನ್ಸ್ ಆಫ್ ಪರ್ಶಿಯಾ’ ಆಡದವರು ಕಡಿಮೆ. ಮಾಸ್ತರರು ಹೊರಗೆ ಹೋದೊಡನೆ ಫ್ಲಾಪಿಯಿಂದ ಎದ್ದು ಬರುತ್ತಿದ್ದ ಆಟ ಅದು. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ಯುವಕ 1989ರಲ್ಲಿ ಅದನ್ನು ಹೊರತಂದ. ಎದುರಾಳಿಗಳನ್ನು ಬರೆಯಲು ಮೆಮೊರಿ ಸಾಲದಿದ್ದಾಗ ಅವನು ನಾಯಕನ ಚಿತ್ರವನ್ನೇ ತಿರುಚಿ ನೆರಳಿನಂಥ ಒಬ್ಬ ಪ್ರತಿಸ್ಪರ್ಧಿಯನ್ನು ಮಾಡಿಕೊಂಡ. ಈ ನೆರಳು ಕನ್ನಡಿಯಿಂದ ಹೊರಬಿದ್ದು, ಮದ್ದು ಕದ್ದು, ದಾರಿಗೆ ಅಡ್ಡ ಬಂದು, ಕೊನೆಯ ಹಂತಗಳಲ್ಲಿ ಕತ್ತಿ ಹಿರಿದು ನಿಲ್ಲುತ್ತದೆ. ಅಲ್ಲಿಯ ತನಕ ಎದುರು ಬಂದವರನ್ನೆಲ್ಲ ಕಡಿದ ಆಟಗಾರ ಅದನ್ನೂ ಕಡಿಯುತ್ತಾನೆ. ನೆರಳಿಗೆ ತಗಲಿದ ಪ್ರತಿ ಏಟೂ ಅವನಿಗೇ ತಗಲುತ್ತದೆ. ದಾಟುವ ದಾರಿ ಒಂದೇ, ಕತ್ತಿಯನ್ನು ಒರೆಗೆ ಸೇರಿಸುವುದು. ಆ ಕಾಲದ ಹುಡುಗರಿಗೆ ಇದನ್ನು ಯಾರೂ ನೀತಿಪಾಠವೆಂದು ಹೇಳಲಿಲ್ಲ. ಪಕ್ಕದಲ್ಲಿ ಕುಳಿತವನು ‘ಕತ್ತಿ ಕೆಳಗಿಡೋ’ ಎಂದು ಪಿಸುಗುಟ್ಟಿದ್ದಷ್ಟೇ.

ಅದಕ್ಕೂ ನಾಲ್ಕು ವರ್ಷ ಮುಂಚೆ, 1985ರಲ್ಲಿ, ರಿಚರ್ಡ್ ಗ್ಯಾರಿಯಟ್ ಎಂಬಾತ ಇನ್ನೂ ನೇರವಾದ ಪ್ರಯೋಗಕ್ಕೆ ಕೈಹಾಕಿದ್ದ. ಅವನ ‘ಅಲ್ಟಿಮಾ’ ಸರಣಿಯ ಮೊದಲ ಮೂರು ಆಟಗಳಲ್ಲಿ ರೂಢಿಯ ಕಥೆ. ದುಷ್ಟನೊಬ್ಬನಿರುತ್ತಾನೆ, ಅವನನ್ನು ಕೊಲ್ಲಬೇಕು. ಸ್ವಂತ ಕಂಪನಿ ಕಟ್ಟಿದ ಮೇಲೆ ಆಟಗಾರರ ಕಾಗದಗಳು ಅವನ ಕೈಗೇ ಬರತೊಡಗಿದವು. ಲೋಕವನ್ನು ರಕ್ಷಿಸುವ ವೀರರು ದಾರಿಯಲ್ಲಿ ಊರವರನ್ನು ದೋಚುತ್ತ, ಅಂಗಡಿಯವರನ್ನು ಕೊಲ್ಲುತ್ತ ಹೋಗುತ್ತಿದ್ದರು, ಹಾಗೆ ಮಾಡಿದರೆ ಬೇಗ ಗೆಲ್ಲಬಹುದಿತ್ತು. ಮಕ್ಕಳ ತಂದೆತಾಯಿಯ ದೂರುಗಳೂ ಇದ್ದವು. ಇದರಿಂದ ಕದಲಿದ ಗ್ಯಾರಿಯಟ್ ನಾಲ್ಕನೆಯ ಆಟದಲ್ಲಿ ಖಳನಾಯಕನನ್ನೇ ತೆಗೆದುಹಾಕಿದ. ಅದರಲ್ಲಿ ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮರ್ಯಾದೆ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳಲ್ಲಿ ಆಟಗಾರ ಪಕ್ವವಾಗಬೇಕಿತ್ತು. ಹಿಂದೂ ಧರ್ಮದ ಬಗೆಗಿನ ಒಂದು ಟಿವಿ ಕಾರ್ಯಕ್ರಮ ಈ ಯೋಚನೆಗೆ ಕಾರಣವಾಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಆಟದ ಹೆಸರಿನಲ್ಲೂ ಅದರ ಗುರುತಿದೆ, ‘ಕ್ವೆಸ್ಟ್ ಆಫ್ ದಿ ಅವತಾರ್’. ಇಂದು ಜಗತ್ತಿನ ಯಾವ ಮೂಲೆಯಲ್ಲೂ ಪರದೆಯೊಳಗಿನ ತನ್ನ ರೂಪಕ್ಕೆ ಜನ ಬಳಸುವ ‘ಅವತಾರ’ ಎಂಬ ಮಾತು ಹಬ್ಬುವುದರಲ್ಲಿ ಈ ಆಟದ ಪಾಲೂ ಇದೆ. ದೇವರು ಕೆಳಗಿಳಿಯುವುದಕ್ಕೆ ಇದ್ದ ಪದ ಮನುಷ್ಯ ಯಂತ್ರದೊಳಕ್ಕೆ ಇಳಿಯುವುದಕ್ಕೆ ಬಂತು.

ಆಟದ ಆರಂಭದಲ್ಲೇ ಒಬ್ಬಾಕೆ ಕಣಿ ಹೇಳುವಂತೆ ಎಲೆಗಳನ್ನು ಬಿಡಿಸಿ ಪ್ರಶ್ನೆ ಕೇಳುತ್ತಾಳೆ. ಪ್ರತಿ ಪ್ರಶ್ನೆಯಲ್ಲೂ ಎರಡು ಒಳ್ಳೆಯ ಗುಣಗಳ ನಡುವೆ ಜಗಳ. ನಂಬಿ ಕೊಟ್ಟ ಹಣದಿಂದ ಒಂದು ನಾಣ್ಯ ತೆಗೆದು ಭಿಕ್ಷುಕನಿಗೆ ಕೊಡಬೇಕೇ, ಅಥವಾ ನಂಬಿಕೆ ಉಳಿಸಿಕೊಳ್ಳಬೇಕೇ? ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಆರಿಸುವುದು ಕಷ್ಟವಲ್ಲ. ಒಂದು ಒಳಿತಿಗಾಗಿ ಇನ್ನೊಂದನ್ನು ಕೈಬಿಡುವುದು ಕಷ್ಟ. ಪುಣ್ಯಕೋಟಿಯ ಕಥೆ ಕೇಳುತ್ತ ಬೆಳೆದವರಿಗೆ ಇದು ಹೊಸತಲ್ಲ. ಹುಲಿಗೆ ಕೊಟ್ಟ ಮಾತು ಮತ್ತು ಹಸಿದ ಕರು, ಎರಡರಲ್ಲಿ ಯಾವುದೂ ಸುಳ್ಳಲ್ಲ.

ಗ್ಯಾರಿಯಟ್‌ನ ಆಟದ ಅತ್ಯಂತ ಸೂಕ್ಷ್ಮವಾದ ಜಾಗ ಇಂಥ ದೊಡ್ಡ ಪ್ರಶ್ನೆಗಳಲ್ಲಿಲ್ಲ, ಒಂದು ಅಂಗಡಿಯಲ್ಲಿದೆ. ಮಂತ್ರಕ್ಕೆ ಬೇಕಾದ ಮೂಲಿಕೆಗಳನ್ನು ಮಾರುವವಳು ಕುರುಡಿ. ಎಷ್ಟು ಹಣ ಕೊಡುತ್ತೀರೆಂದು ಅವಳು ಗಿರಾಕಿಯನ್ನೇ ಕೇಳುತ್ತಾಳೆ. ಕಡಿಮೆ ಕೊಟ್ಟರೂ ಏನೂ ಆಗುವುದಿಲ್ಲ, ಕಾವಲುಗಾರ ಬರುವುದಿಲ್ಲ, ಗಂಟೆ ಹೊಡೆಯುವುದಿಲ್ಲ. ಆಟಗಾರ ಸಂತೋಷದಿಂದ ಮುಂದೆ ಹೋಗುತ್ತಾನೆ. ಎಷ್ಟೋ ಗಂಟೆಗಳ ಆಟದ ನಂತರ ಪ್ರಾಮಾಣಿಕತೆಯ ಹಾದಿಯಲ್ಲಿ ತಾನೇಕೆ ಮೇಲೇರುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವಾಗ ಆ ಕುರುಡಿ ನೆನಪಾಗಬೇಕು. ಯಂತ್ರ ಸುಮ್ಮನೆ ಲೆಕ್ಕ ಬರೆದಿಟ್ಟಿತ್ತು.

1988ರ ಐದನೆಯ ಆಟದಲ್ಲಿ ಅದೇ ಎಂಟು ಗುಣಗಳು ಒಬ್ಬ ಸರ್ವಾಧಿಕಾರಿಯ ಕೈಯಲ್ಲಿ ಕ್ರೂರ ಕಾನೂನುಗಳಾಗಿ ಬದಲಾದವು. ಅದರ ಒಂದು ನೆಲಮಾಳಿಗೆಯಲ್ಲಿ ಮಕ್ಕಳ ರೂಪದ ಜೀವಿಗಳನ್ನು ಪಂಜರದಲ್ಲಿಡಲಾಗಿತ್ತು. ಬಾಗಿಲು ತೆರೆದರೆ ಅವು ಮೈಮೇಲೆ ಬೀಳುತ್ತಿದ್ದವು. ಆಟವನ್ನು ಪರೀಕ್ಷಿಸುತ್ತಿದ್ದ ಕಂಪನಿಯವನೊಬ್ಬ ಆ ಕೋಣೆಗೆ ಬಂದು ಬೆಚ್ಚಿ, ಇಂಥದ್ದನ್ನು ಮಾಡುವ ಸಂಸ್ಥೆಯಲ್ಲಿ ಇರಲಾರೆನೆಂದು ಪತ್ರ ಬರೆದ. ವ್ಯವಹಾರ ನೋಡುತ್ತಿದ್ದ ಗ್ಯಾರಿಯಟ್‌ನ ಅಣ್ಣ ಕೋಣೆಯನ್ನು ತೆಗೆದುಬಿಡು ಎಂದ. ಗ್ಯಾರಿಯಟ್ ತೆಗೆಯಲಿಲ್ಲ. ಕೊಲ್ಲಬೇಕೆಂದು ಆಟ ಹೇಳಿರಲಿಲ್ಲ. ನಿದ್ದೆಯ ಮಂತ್ರ ಹಾಕಬಹುದಿತ್ತು, ಹಿಂದಿರುಗಿ ಹೋಗಬಹುದಿತ್ತು. ಕೆಲವು ಚುಕ್ಕೆಗಳ ಒರಟು ಚಿತ್ರದ ಮುಂದೆ ಒಬ್ಬ ಮನುಷ್ಯ ಅಷ್ಟು ಕಳವಳಗೊಂಡನೆಂದರೆ ಆ ಕೋಣೆ ಇರಲೇಬೇಕು ಎಂಬುದು ಅವನ ವಾದ.

ಈ ವಾದ ಯಕ್ಷಗಾನದ ಜನಕ್ಕೆ ಬೇಗ ಅರ್ಥವಾಗುತ್ತದೆ. ಅವರ ಪರಂಪರೆಯಲ್ಲೂ ತೆಗೆಯಲಾಗದ ಕೋಣೆಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ವಾಲಿಯದು.

ತಾಳಮದ್ದಳೆ ಎಷ್ಟು ಹಳೆಯದೆಂಬುದಕ್ಕೆ ವಿದ್ವಾಂಸರು ತೋರಿಸುವ ಸಾಕ್ಷಿ ಕರಾವಳಿಯದಲ್ಲ, ಬಳ್ಳಾರಿ ಜಿಲ್ಲೆಯದು. ಕುರುಗೋಡು ಸಮೀಪದ ಸೋಮಸಮುದ್ರದ 1556ರ ಶಾಸನದಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಉಲ್ಲೇಖವಿದೆ. ಆಮೇಲೆ ಅದು ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಮಳೆಗಾಲದ ಜಗಲಿಗಳಲ್ಲಿ ಬೇರೂರಿತು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳು ಇಂದಿಗೂ ಜೀವಂತ. ಅದರಲ್ಲಿ ವಾಲಿ ಸುಗ್ರೀವರ ಕಾಳಗವೂ ಒಂದು. ರಾಮ ಮರೆಯಲ್ಲಿ ನಿಂತು ಬಾಣ ಬಿಡುತ್ತಾನೆ, ವಾಲಿ ಬೀಳುತ್ತಾನೆ. ಬಿದ್ದವನು ಪ್ರಾಣ ಬಿಡುವ ಮುನ್ನ ಕೇಳುತ್ತಾನೆ.

ಈ ಪ್ರಶ್ನೆ ವಾಲ್ಮೀಕಿಯಲ್ಲೇ ಇದೆ. ನಿನಗೂ ನನಗೂ ಏನು ಹಗೆ, ಎದುರಿಗೆ ಬಾರದೆ ಕೊಂದದ್ದೇಕೆ? ರಾಮನ ಉತ್ತರಗಳೂ ಅಲ್ಲೇ ಇವೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ತಪ್ಪು, ಭರತನ ಆಳ್ವಿಕೆಯಲ್ಲಿ ದಂಡಿಸುವ ಹಕ್ಕು, ಬೇಟೆಗಾರನಿಗೆ ಮೃಗದ ಎದುರು ನಿಲ್ಲುವ ಕಟ್ಟುಪಾಡಿಲ್ಲ ಎಂಬ ಮಾತು. ಓದುವಾಗ ಈ ಉತ್ತರಗಳು ಒಂದಾದ ಮೇಲೊಂದು ಸಾಲಾಗಿ ಬಂದು ಮುಗಿಯುತ್ತವೆ. ಕೂಟದಲ್ಲಿ ಹಾಗಲ್ಲ. ಮೃಗವೆಂದರೆ, ಮೃಗಕ್ಕೆ ಅಣ್ಣ ತಮ್ಮನ ಹೆಂಡಿರ ಧರ್ಮಶಾಸ್ತ್ರವೇಕೆ ಎಂದು ವಾಲಿ ಹಿಂದಿರುಗಿ ಕೇಳಬಹುದು. ಮನುಷ್ಯಧರ್ಮ ನನಗೆ ಅನ್ವಯಿಸುತ್ತದೆಂದರೆ ಯುದ್ಧಧರ್ಮವೂ ಅನ್ವಯಿಸಬೇಕಲ್ಲ ಎನ್ನಬಹುದು. ಆಗ ರಾಮನಾಗಿ ಕುಳಿತವನು ಬಾಣಕ್ಕಿಂತ ಹರಿತವಾದ ಮಾತನ್ನು ಅಲ್ಲೇ ಹುಟ್ಟಿಸಬೇಕು, ಇಲ್ಲವೇ ಸೋಲಬೇಕು. ಸೋತರೂ ಕಥೆಯಲ್ಲಿ ಗೆಲ್ಲುವವನು ಅವನೇ. ಹಾಗೆ ಗೆಲ್ಲುವುದೇ ದೊಡ್ಡ ಶಿಕ್ಷೆ.

ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಂಥ ಪಾತ್ರಗಳಿಗೆ ಹೆಸರಾದವರು. ಹರಿಕಥೆಯಿಂದ ಬಂದ ಅವರು ವಾಲಿ, ರಾವಣ, ಮಾಗಧ, ಕೌರವರ ಅರ್ಥ ಹೇಳಿದರೆ ಸೋಲಬೇಕಾದವನ ಕಡೆಗೆ ಸಭೆ ವಾಲುತ್ತಿತ್ತು. ಎದುರಿಗೆ ಮಲ್ಪೆಯ ಸಾಮಗರೋ ದೇರಾಜೆ ಸೀತಾರಾಮಯ್ಯನವರೋ ಪೆರ್ಲ ಕೃಷ್ಣ ಭಟ್ಟರೋ ಇದ್ದರೆ ಜನ ಮೈಲುಗಟ್ಟಲೆ ನಡೆದು ಬರುತ್ತಿದ್ದರು. ಕಥೆಯಲ್ಲಿ ಮುಂದೇನಾಗುವುದೆಂಬ ಕುತೂಹಲ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಈ ಸಲ ರಾಮ ಏನು ಹೇಳಿ ತಪ್ಪಿಸಿಕೊಳ್ಳುತ್ತಾನೆ, ಅಥವಾ ತಪ್ಪಿಸಿಕೊಳ್ಳದೆ ಹೇಗೆ ನಿಲ್ಲುತ್ತಾನೆ, ಇದಕ್ಕಾಗಿ ಬರುತ್ತಿದ್ದರು. ವಾದ ಎಲ್ಲೆ ಮೀರಿದರೆ ಭಾಗವತರು ಜಾಗಟೆ ಬಡಿದು ಮುಂದಿನ ಪದ್ಯ ಎತ್ತಿಕೊಳ್ಳುವುದೂ ಉಂಟು. ವಾಲಿ ಸಾಯಲೇಬೇಕು.

ಈ ಕಲೆ ಮುಂಬಯಿಗೆ ಬಂದದ್ದು ಹೊಟ್ಟೆಪಾಡಿನ ಹಿಂದೆ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಿಂದ ಹನ್ನೆರಡು ಹದಿಮೂರರ ಹುಡುಗರು ಹಡಗು ಹತ್ತಿ ಬಂದು ಹೋಟೆಲುಗಳಲ್ಲಿ ಲೋಟ ತೊಳೆದರು. 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. ಆಮೇಲೆ ಒಂದೊಂದೇ ಸಮುದಾಯದ ಸಂಘಗಳು, ಅವುಗಳ ಜತೆಗೆ ಕನ್ನಡದ ರಾತ್ರಿಶಾಲೆಗಳು ತಲೆಯೆತ್ತಿದವು. ಹಗಲು ದುಡಿಮೆ, ಸಂಜೆ ಶಾಲೆ, ಬಿಡುವಿದ್ದ ರಾತ್ರಿ ಯಕ್ಷಗಾನ. ಕುರ್ಲಾ ಆಗ ಬೊಂಬಾಯಿ ಊರಿನ ಹೊರಗೆ. ಜಮಶೇಟಜಿ ಟಾಟಾ 1886ರಲ್ಲಿ ಇಲ್ಲಿನ ಗಿರಣಿಯೊಂದನ್ನು ಕೊಂಡು ಸ್ವದೇಶಿ ಮಿಲ್ಲು ಮಾಡಿದ್ದರು. ಮುಂದೆ ಇಲ್ಲಿಯೇ ಪ್ರೀಮಿಯರ್ ಕಾರ್ಖಾನೆಯಲ್ಲಿ ಪದ್ಮಿನಿ ಕಾರುಗಳು ತಯಾರಾದವು. ಗಿರಣಿ ಕಾರ್ಖಾನೆಗಳಿದ್ದಲ್ಲಿ ಚಹಾ ತಿಂಡಿಯ ಅಂಗಡಿ ಬೇಕು, ಅಂಗಡಿಯಿದ್ದಲ್ಲಿ ತುಳು ಕನ್ನಡದ ಹುಡುಗರು. ಮಾಲೀಕನ ಮುಂದೆ ದಿನವಿಡೀ ತಲೆ ತಗ್ಗಿಸಿ ಆರ್ಡರು ಬರೆದುಕೊಂಡವನು ರಾತ್ರಿಯ ಕೂಟದಲ್ಲಿ ಕರ್ಣನಾಗಿ ಕುಳಿತು ಕೃಷ್ಣನಿಗೆ ಇಲ್ಲವೆನ್ನುತ್ತಿದ್ದ. ‘ನಿನ್ನ ಜನ್ಮದ ಗುಟ್ಟು ಇದು, ಪಾಂಡವರ ಕಡೆ ಬಾ, ರಾಜ್ಯ ನಿನ್ನದು’ ಎಂದು ದೇವರೇ ಹೇಳಿದರೂ ಅನ್ನ ಹಾಕಿದವನನ್ನು ಬಿಡಲಾರೆನೆನ್ನುವ ಆ ಮಾತಿನ ಭಾರ ಊರು ಬಿಟ್ಟು ಬಂದ ಹುಡುಗರಿಗೆ ಬೇರೆಯೇ ತೆರನಾಗಿ ತಟ್ಟಿರಬೇಕು.

ಈ ಶತಮಾನಕ್ಕೆ ಬಂದರೆ, ವಿಡಿಯೊ ಗೇಮುಗಳಲ್ಲಿ ನೀತಿಯ ಆಯ್ಕೆ ಎಂಬುದು ಜಾಹೀರಾತಿನ ಮಾತಾಯಿತು. 2007ರ ‘ಬಯೋಶಾಕ್’ನಲ್ಲಿ ಪುಟ್ಟ ಹುಡುಗಿಯರನ್ನು ಉಳಿಸಬಹುದು, ಅಥವಾ ಅವರ ದೇಹದೊಳಗಿನ ಶಕ್ತಿಯನ್ನು ಹೀರಿಕೊಳ್ಳಬಹುದು. ಭಯಾನಕ ಆಯ್ಕೆಯೇ. ಆದರೆ ಉಳಿಸಿದವರಿಗೆ ಆಮೇಲೆ ಉಡುಗೊರೆಗಳು ಬಂದು ನಷ್ಟ ಹೆಚ್ಚುಕಡಿಮೆ ತುಂಬುತ್ತಿತ್ತು. ಒಳ್ಳೆಯತನಕ್ಕೆ ಬಡ್ಡಿ ಸಿಕ್ಕಿದರೆ ಅದು ಬ್ಯಾಂಕಿನ ವ್ಯವಹಾರ. ‘ಮಾಸ್ ಎಫೆಕ್ಟ್’ ಸರಣಿ ಮೂರು ಆಟಗಳುದ್ದಕ್ಕೂ ಆಟಗಾರನ ನಿರ್ಧಾರಗಳನ್ನು ಹೊತ್ತು ತಂದು 2012ರಲ್ಲಿ ಮುಗಿದಾಗ ಕೊನೆ ಎಲ್ಲರಿಗೂ ಸುಮಾರು ಒಂದೇ ಎಂದು ಜನ ಸಿಟ್ಟಿಗೆದ್ದರು. ಕಂಪನಿ ಕೆಲವೇ ತಿಂಗಳಲ್ಲಿ ವಿಸ್ತರಿಸಿದ ಕೊನೆಯನ್ನು ಪುಕ್ಕಟೆ ಕೊಡಬೇಕಾಯಿತು. ಆ ಸಿಟ್ಟಿನ ಹಿಂದೆ ಪ್ರೀತಿಯಿತ್ತು, ಸಂಶಯವಿಲ್ಲ. ಆದರೆ ಆಯ್ಕೆಯೆಂದರೆ ಕಥೆಯನ್ನು ಬದಲಿಸುವ ಅಧಿಕಾರ ಎಂಬ ತಿಳಿವಳಿಕೆಯೂ ಇತ್ತು. ಪದ್ಯ ಬದಲಾಗದೆ ಅರ್ಥವೇನು ಎಂದು ಅವರು ಕೇಳಿದಂತಾಯಿತು. ತಾಳಮದ್ದಳೆಯ ನಾಲ್ಕೂವರೆ ಶತಮಾನ ಇದಕ್ಕೆ ತದ್ವಿರುದ್ಧ ಸಾಕ್ಷಿ.

ಅದೇ ವರ್ಷ ಬಂದ ಇನ್ನೊಂದು ಆಟಕ್ಕೆ ಇದು ಗೊತ್ತಿತ್ತು. ‘ಸ್ಪೆಕ್ ಆಪ್ಸ್: ದಿ ಲೈನ್’ ಹೊರಗಿನಿಂದ ನೋಡಿದರೆ ಮಾಮೂಲಿ ಗುಂಡು ಹಾರಿಸುವ ಆಟ. ಮರಳಿನಲ್ಲಿ ಹೂತುಹೋದ ದುಬೈ, ಅಲ್ಲಿಗೆ ಹೋದ ಅಮೆರಿಕದ ಮೂವರು ಸೈನಿಕರು. ಒಂದು ಹಂತದಲ್ಲಿ ಎದುರಾಳಿಗಳ ಮೇಲೆ ಬಿಳಿ ರಂಜಕದ ಬೆಂಕಿ ಸುರಿಸಬೇಕು. ಬೇರೆ ದಾರಿ ಇಲ್ಲ. ಮೇಲಿನಿಂದ ತೆಗೆದ ಕಪ್ಪುಬಿಳುಪು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುವವರ ಮೇಲೆ ಆಟಗಾರ ಬೆಂಕಿ ಹಾಕುತ್ತಾನೆ. ಕೆಳಗಿಳಿದು ನಡೆದಾಗ ಆ ಚುಕ್ಕೆಗಳಲ್ಲಿ ಆಶ್ರಯ ಪಡೆದಿದ್ದ ನಾಗರಿಕರಿದ್ದರೆಂದು ತಿಳಿಯುತ್ತದೆ, ಮಗುವನ್ನು ಅವಚಿಕೊಂಡ ತಾಯಿಯೂ. ಆಯ್ಕೆಯನ್ನೇ ಕೊಡದೆ ಅಪರಾಧ ಹೊರಿಸುವುದು ಮೋಸ ಎಂದು ಹಲವರು ಸಿಡುಕಿದರು. ಆಟ ನಿಲ್ಲಿಸಿ ಎದ್ದುಹೋಗುವುದೂ ಒಂದು ಆಯ್ಕೆ ಎಂದು ಅದನ್ನು ಬರೆದವರ ಕಡೆಯಿಂದ ಉತ್ತರ ಬಂತು. ಹಣ ಕೊಟ್ಟು ಕೊಂಡವನಿಗೆ ಹೇಳುವ ಮಾತಲ್ಲ ಅದು, ಸ್ವಲ್ಪ ಉದ್ಧಟತನವೇ. ಆದರೂ ರಾಮನಾಗಿ ಕುಳಿತ ಅರ್ಥಧಾರಿಯ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಬಾಣ ಬಿಡಬೇಕೋ ಬೇಡವೋ ಎಂದು ಅವನನ್ನು ಯಾರೂ ಕೇಳಿಲ್ಲ. ಬಿಟ್ಟ ಮೇಲೆ ಕೇಳುತ್ತಾರೆ.

ವಾರ್ಸಾದ 11 ಬಿಟ್ ಸ್ಟುಡಿಯೋಸ್ ಎಂಬ ಸಂಸ್ಥೆ 2014ರಲ್ಲಿ ಹೊರತಂದ ‘ದಿಸ್ ವಾರ್ ಆಫ್ ಮೈನ್’ ಈ ಎಲ್ಲಕ್ಕಿಂತ ಮೆಲುದನಿಯದು. ತೊಂಬತ್ತರ ದಶಕದ ಸರಾಯೆವೊ ಮುತ್ತಿಗೆಯ ನೆನಪಿನಿಂದ ಹುಟ್ಟಿದ್ದು. ಇಲ್ಲಿ ಆಟಗಾರ ಸೈನಿಕನಲ್ಲ. ಮುರಿದ ಮನೆಯೊಂದರಲ್ಲಿ ಸೇರಿಕೊಂಡ ಮೂರು ನಾಲ್ಕು ಮಾಮೂಲಿ ಜನರ ಹೊಣೆ ಅವನದು. ಒಬ್ಬನಿಗೆ ಜ್ವರ, ಮದ್ದಿಲ್ಲ. ರಾತ್ರಿ ಹೊರಗೆ ಹೋಗಿ ಹುಡುಕಬೇಕು. ಒಂದು ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಇದ್ದಾರೆ, ಅವರಲ್ಲಿ ಅನ್ನವಿದೆ, ಔಷಧಿಯಿದೆ. ಅವರು ತಡೆಯಲಾರರು, ಬೇಡಿಕೊಳ್ಳಬಲ್ಲರು ಅಷ್ಟೇ. ಕದ್ದು ತಂದರೆ ಜ್ವರದವನು ಬದುಕುತ್ತಾನೆ. ಕದ್ದವನು ಮಾತ್ರ ಮರುದಿನ ಮಂಕಾಗಿ ಕೂರುತ್ತಾನೆ. ಹೇಳಿದ ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ಏಳುವುದೇ ಇಲ್ಲ. ಇದಕ್ಕೆ ಅಂಕವಿಲ್ಲ, ಉಡುಗೊರೆಯಿಲ್ಲ. ಆಮೇಲೆ ಅದೇ ಮನೆಗೆ ಮತ್ತೆ ಹೋದರೆ ಆ ಮುದುಕರ ಗತಿಯೇನೆಂದು ಕಣ್ಣಾರೆ ನೋಡಬೇಕಾಗುತ್ತದೆ. 2020ರಲ್ಲಿ ಪೋಲೆಂಡ್ ಸರ್ಕಾರ ಈ ಆಟವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳ ಐಚ್ಛಿಕ ಪಠ್ಯಗಳ ಪಟ್ಟಿಗೆ ಸೇರಿಸುವುದಾಗಿ ಸಾರಿತು.

ಅಂಥ ಮಾತು ಮುಂಬಯಿಯಲ್ಲಿ ನಡೆದದ್ದು ಕಡಿಮೆ. ಇಲ್ಲಿ ವಿಡಿಯೊ ಗೇಮ್ ಎಂದರೆ ಚಟ ಎಂಬ ಒಂದೇ ಮಾತು. 2019ರ ಆರಂಭದಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ತಾಯಿಯ ಮೂಲಕ ಬಾಂಬೆ ಹೈಕೋರ್ಟಿಗೆ ಹೋಗಿ ಪಬ್ಜಿಯನ್ನು ನಿಷೇಧಿಸಬೇಕೆಂದು ಕೇಳಿದ. ಆ ವರ್ಷ ಗುಜರಾತಿನ ಕೆಲವು ನಗರಗಳಲ್ಲಿ ಆಡಿದವರನ್ನು ಪೊಲೀಸರು ಹಿಡಿದರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಬೇರೆ ಕಾರಣಕ್ಕೆ ಅದನ್ನು ಇತರ 117 ಆ್ಯಪ್‌ಗಳ ಜತೆ ನಿಷೇಧಿಸಿತು. ನೂರು ಜನ ಒಂದು ದ್ವೀಪಕ್ಕೆ ಇಳಿದು ಕೊನೆಗೆ ಒಬ್ಬ ಉಳಿಯುವ ಆ ಆಟದಲ್ಲಿ ಕಥೆಯೂ ಇಲ್ಲ, ಸಂಕಟವೂ ಇಲ್ಲ. ಆದರೆ ತಂದೆತಾಯಿಯ ಕಣ್ಣಿಗೆ ಎಲ್ಲ ಆಟವೂ ಅದೇ. ಎಷ್ಟು ಹೊತ್ತು ಆಡಿದೆ ಎಂದು ಕೇಳುವ ಮನೆಗಳಲ್ಲಿ ಆಟದಲ್ಲಿ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಕೇಳುವುದಿಲ್ಲ. ರಾತ್ರಿ ಎರಡು ಗಂಟೆಯ ತನಕ ಕರ್ಣನ ಅರ್ಥ ಕೇಳಿ ಬಂದ ಮನೆಗಳಲ್ಲಿಯೂ ಕೇಳುವುದಿಲ್ಲ.

ಇಲ್ಲೇ ಎರಡರ ನಡುವಿನ ಅಂತರ ಕಾಣುವುದು. ಗೇಮ್ ಏನು ಮಾಡಿದೆ ಎಂಬುದನ್ನು ಮಾತ್ರ ನೋಡುತ್ತದೆ, ಯಾಕೆ ಎಂದು ಕೇಳುವುದಿಲ್ಲ. ಮುದುಕರ ಮನೆಗೆ ನುಗ್ಗಿದವನು ಕನಿಕರದಿಂದ ನುಗ್ಗಿದನೋ ಬೇಸರ ಕಳೆಯಲು ನುಗ್ಗಿದನೋ ಯಂತ್ರಕ್ಕೆ ಒಂದೇ. ತಾಳಮದ್ದಳೆಯಲ್ಲಿ ಏನು ಮಾಡಿದೆ ಎಂಬುದು ಆಗಲೇ ಇತ್ಯರ್ಥವಾಗಿದೆ, ಉಳಿದದ್ದೆಲ್ಲ ಯಾಕೆ ಎಂಬುದೇ. ಒಂದರಲ್ಲಿ ಕೈಗೆ ಸ್ವಾತಂತ್ರ್ಯ, ಬಾಯಿಗೆ ಬೀಗ. ಇನ್ನೊಂದರಲ್ಲಿ ಅದು ತಿರುಗುಮುರುಗು. ಆಟದ ಮುಂದೆ ಕುಳಿತ ಹುಡುಗನಿಗೆ ತನ್ನ ಕಾರಣವನ್ನು ಹೇಳಿಕೊಳ್ಳಲು ಎದುರಿಗೆ ಯಾರೂ ಇಲ್ಲ. ಅದಕ್ಕೇ ಇರಬೇಕು, ಆಟ ಮುಗಿಸಿದವರು ಆ ತಪ್ಪೊಪ್ಪಿಗೆಯನ್ನು ಅಪರಿಚಿತರ ಮುಂದೆ ಪುಟಗಟ್ಟಲೆ ಬರೆಯುತ್ತಾರೆ.

ಹಾಗೆಂದು ಕೂಟವನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಮಾತು ಬಲ್ಲವನು ಯಾವ ಪಾಪವನ್ನೂ ತೊಳೆಯಬಲ್ಲ ಎಂಬ ದೂರು ತಾಳಮದ್ದಳೆಯ ಮೇಲೆ ಹಳೆಯದು. ವಾದಕ್ಕಾಗಿ ವಾದ ನಡೆದು, ಚಪ್ಪಾಳೆಗಾಗಿ ಚುಚ್ಚು ಹುಟ್ಟಿ, ಬಿದ್ದವನ ನೋವು ಶ್ಲೇಷೆಯಲ್ಲಿ ಮುಚ್ಚಿಹೋದ ರಾತ್ರಿಗಳನ್ನು ಕಂಡವರು ಬಹಳ. ಅಂಬೆಯ ಅರ್ಥ ಹೇಳುವವರು ಹೆಚ್ಚಾಗಿ ಗಂಡಸರೇ ಆಗಿದ್ದರು. ಈಗ ಮಹಿಳೆಯರ ತಾಳಮದ್ದಳೆ ತಂಡಗಳು ಬಂದಿವೆ. ಅವರ ಕೈಗೆ ಸಿಕ್ಕಿದ ಭೀಷ್ಮನ ಪಾಡು ಮೊದಲಿನಷ್ಟು ಸುಲಭವಲ್ಲ. ಕುರುಡಿಯ ಅಂಗಡಿಯ ಲೆಕ್ಕದಂಥ ಮೌನವಾದ ನಿಷ್ಠುರತೆ ಈ ಮಾತಿನ ಕಲೆಗೆ ತಿಳಿಯದು.

ಆದರೆ ತಾಳಮದ್ದಳೆಗೆ ಇನ್ನೊಂದು ಪದ್ಧತಿಯಿದೆ. ಇಂದು ರಾಮನಾದವನು ನಾಳೆ ವಾಲಿ. ಈ ವಾರ ಭೀಷ್ಮನಾಗಿ ಅಂಬೆಯನ್ನು ಕಳಿಸಿದವನು ಬರುವ ವಾರ ಪರಶುರಾಮನಾಗಿ ಅವಳ ಪರ ಬಿಲ್ಲು ಹಿಡಿಯಬೇಕು. ತನ್ನದೇ ಹಳೆಯ ವಾದವನ್ನು ತಾನೇ ಮುರಿಯಬೇಕು. ವಿಡಿಯೊ ಗೇಮ್ ಲೋಕದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದು 2020ರ ‘ದಿ ಲಾಸ್ಟ್ ಆಫ್ ಅಸ್’ನ ಎರಡನೆಯ ಭಾಗ. ಮೊದಲ ಭಾಗದಲ್ಲಿ ಆಟಗಾರರು ಏಳು ವರ್ಷ ಮೆಚ್ಚಿಕೊಂಡಿದ್ದ ಜೋಯೆಲ್‌ನನ್ನು ಆರಂಭದಲ್ಲೇ ಕೊಲ್ಲುವ ಅಬಿ ಎಂಬ ಹೆಣ್ಣನ್ನು ಅದು ಅವರ ಕೈಗೇ ಕೊಟ್ಟಿತು. ಕಥೆಯ ಸುಮಾರು ಅರ್ಧ ಅವಳಾಗಿಯೇ ನಡೆಯಬೇಕು. ಅವಳ ತಂದೆಯನ್ನು ಜೋಯೆಲ್ ಕೊಂದದ್ದು, ಅಂದರೆ ಹಿಂದಿನ ಆಟದಲ್ಲಿ ಆಟಗಾರರೇ ಕೊಂದದ್ದು, ಆಗ ಬಯಲಾಗುತ್ತದೆ. ಕೆಲವರಿಗೆ ಇದು ಸಹಿಸಲಿಲ್ಲ. ಅಬಿಗೆ ದನಿ ಕೊಟ್ಟ ನಟಿ ಲಾರಾ ಬೇಲಿಗೆ ಕೊಲೆ ಬೆದರಿಕೆಗಳು ಬಂದವು. ಸೋತವನ ಪೀಠದಲ್ಲಿ ಕೂರುವ ಅಭ್ಯಾಸವಿಲ್ಲದವರಿಗೆ ಅದು ಅವಮಾನವಾಗಿ ಕಂಡಿತು.

ಭಾರತದ ಗೇಮುಗಳು ಪುರಾಣವನ್ನು ಮುಟ್ಟಿದರೂ ಈ ಕೋಣೆಯೊಳಗೆ ಇನ್ನೂ ಕಾಲಿಟ್ಟಂತಿಲ್ಲ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ‘ರಾಜಿ’ಯಲ್ಲಿ ದುರ್ಗೆಯೂ ವಿಷ್ಣುವೂ ಕಥೆ ಹೇಳುತ್ತಾರೆ. ಕೋಟೆ, ಕೊಳ, ಗುಡಿಗಳು ಕಣ್ಣಿಗೆ ಹಬ್ಬ. ತಮ್ಮನನ್ನು ಹುಡುಕಿ ಹೊರಟ ಹುಡುಗಿ ಕೊಲ್ಲುವುದು ರಾಕ್ಷಸರನ್ನು. ಬಿದ್ದ ರಾಕ್ಷಸ ಎದ್ದು ಕೂತು ಯಾಕೆ ಎಂದು ಕೇಳುವುದಿಲ್ಲ.

ಕುರ್ಲಾದ ಸಭಾಂಗಣದಲ್ಲಿ ಭೀಷ್ಮ ವಿಜಯದ ಕೂಟ ಮುಗಿಯುವಾಗ ಗುರು ಪರಶುರಾಮನೇ ಸೋಲೊಪ್ಪಿರುತ್ತಾನೆ. ಪ್ರಸಂಗದ ಹೆಸರೇ ಹೇಳುವಂತೆ ವಿಜಯ ಭೀಷ್ಮನದು. ಮುಂದೊಂದು ದಿನ, ಮಗ ವಿಚಿತ್ರವೀರ್ಯ ಸತ್ತು ವಂಶವೇ ನಿಂತಾಗ, ಆ ಪ್ರತಿಜ್ಞೆಗೆ ಕಾರಣಳಾದ ಮತ್ಸ್ಯಗಂಧಿಯೇ ಬಂದು ಅದನ್ನು ಮುರಿ ಎಂದು ಬೇಡುತ್ತಾಳೆ, ಅವನು ಆಗಲೂ ಮುರಿಯುವುದಿಲ್ಲ. ಆದರೆ ಅದು ಬೇರೆ ಪ್ರಸಂಗ. ಇಲ್ಲಿ ಅಂಬೆ ಬೆಂಕಿಯ ಕಡೆ ನಡೆದಿದ್ದಾಳೆ. ಭಾಗವತರು ಮಂಗಳ ಹಾಡುತ್ತಾರೆ. ಅಂಬೆಯಾಗಿದ್ದವರೂ ಭೀಷ್ಮನಾಗಿದ್ದವರೂ ಒಂದೇ ಬೆಂಚಿನಲ್ಲಿ ಕುಳಿತು ಊಟ ಮಾಡುತ್ತಾರೆ. ಸಭಿಕರು ಕೊನೆಯ ಲೋಕಲ್ ಹಿಡಿಯಲು ಕುರ್ಲಾ ಸ್ಟೇಷನ್ನಿನ ಕಡೆ ಅವಸರವಾಗಿ ನಡೆಯುತ್ತಾರೆ. ಭೀಷ್ಮ ಕೊಟ್ಟ ಉತ್ತರ ಸಾಲದು ಎಂಬ ಜಗಳ ಸೇತುವೆಯ ಮೆಟ್ಟಿಲುಗಳ ಮೇಲೂ ಮುಂದುವರಿದಿರುತ್ತದೆ.